ಕಾಗದದಲ್ಲಿ ಇಲ್ಲದ ಹೆಸರು

ಸೈಟೋ ಮನೆಯೋ ಕೊಳ್ಳಲು ಸಾಲಕ್ಕೆ ಅರ್ಜಿ ಹಾಕಿದವರಿಗೆಲ್ಲ ಒಂದು ಮಾತು ಗೊತ್ತಿರುತ್ತದೆ: ಹಣ ಬಿಡುಗಡೆ ಆಗಬೇಕಾದರೆ ಮೊದಲು ‘ಲೀಗಲ್’ ಆಗಬೇಕು. ಲೀಗಲ್ ಎಂದರೆ ಬ್ಯಾಂಕಿನ ಪ್ಯಾನೆಲ್ ವಕೀಲರು ಕೊಡುವ ಅಭಿಪ್ರಾಯ. ಅವರ ಮೇಜಿಗೆ ಜೆರಾಕ್ಸ್ ಪ್ರತಿಗಳ ದಪ್ಪನೆಯ ಕಟ್ಟು ಹೋಗುತ್ತದೆ. ಕ್ರಯಪತ್ರ, ಅದರ ಹಿಂದಿನ ಮೂಲಪತ್ರ, ವಿಭಾಗಪತ್ರ, ಪಹಣಿ, ಮ್ಯುಟೇಷನ್, ಭೂಪರಿವರ್ತನೆ ಆದೇಶ, ಖಾತೆ, ಇ.ಸಿ. (ಋಣಭಾರ ಪ್ರಮಾಣಪತ್ರ), ವಂಶವೃಕ್ಷ. ವಕೀಲರು ಇವನ್ನೆಲ್ಲ ಹಿಂದಿನಿಂದ ಮುಂದಕ್ಕೆ, ಸಾಮಾನ್ಯವಾಗಿ ಒಂದು 30 ವರ್ಷದಷ್ಟು, ಕೊಂಡಿ ಕೊಂಡಿಯಾಗಿ ಓದಿ, ಕೊನೆಗೆ ಮಾರುವವರ ಹಕ್ಕು ಸ್ಪಷ್ಟವಾಗಿದೆ, ಆಸ್ತಿಯನ್ನು ಅಡಮಾನಕ್ಕೆ ಒಪ್ಪಿಕೊಳ್ಳಬಹುದು ಎಂದು ಬರೆದು ಸಹಿ ಹಾಕುತ್ತಾರೆ. ಆ ಸಹಿಯ ಮೇಲೆ ಒಂದು ಸಂಸಾರ ಇಪ್ಪತ್ತು ವರ್ಷ ಕಂತು ಕಟ್ಟುತ್ತದೆ.

ಈಗ ಆ ಕಟ್ಟನ್ನು ಯಂತ್ರವೂ ಓದುತ್ತದೆ. ಪುಟಗಳನ್ನು ಸ್ಕ್ಯಾನ್ ಮಾಡಿ ಕೊಟ್ಟರೆ ಎ.ಐ. ತಂತ್ರಾಂಶ ಯಾರು ಯಾರಿಗೆ ಯಾವಾಗ ಮಾರಿದರು ಎಂಬ ಪಟ್ಟಿಯನ್ನು ಕೆಲವೇ ನಿಮಿಷಗಳಲ್ಲಿ ಎದುರಿಗಿಡುತ್ತದೆ. ಐದು ಪತ್ರಗಳ ಚಕ್ಕುಬಂದಿಯನ್ನು ಅಕ್ಕಪಕ್ಕ ಹಿಡಿದು, ಮೂರರಲ್ಲಿ ಪೂರ್ವಕ್ಕೆ ಓಣಿ, ಎರಡರಲ್ಲಿ ಪೂರ್ವಕ್ಕೆ ಖಾಸಗಿ ಜಮೀನು ಎಂದಿದೆ, ಗಮನಿಸಿ ಎನ್ನುತ್ತದೆ. ಒಂದು ಕಡೆ 2 ಎಕರೆ 10 ಗುಂಟೆ ಇದ್ದದ್ದು ಇನ್ನೊಂದು ಕಡೆ 2 ಎಕರೆ 1 ಗುಂಟೆ ಆಗಿದ್ದರೆ ಹಿಡಿದುಬಿಡುತ್ತದೆ. ಸಂಜೆ ಏಳು ಗಂಟೆಗೆ, ದಿನದ ಎಂಟನೆಯ ಕಡತ ಬಿಚ್ಚಿದ ವಕೀಲರ ಕಣ್ಣಿಗೆ ಆ ಸೊನ್ನೆ ತಪ್ಪಿಹೋಗುವ ಸಂಭವವೇ ಹೆಚ್ಚು. ಹಾಗಾಗಿ ಯಂತ್ರ ಬೇಡ ಎನ್ನುವ ವಾದ ನನ್ನದಲ್ಲ. ಯಂತ್ರ ಓದಿದ ಮೇಲೆ ಮನುಷ್ಯನಿಗೆ ಉಳಿಯುವ ಕೆಲಸ ಯಾವುದು ಎಂಬುದು ನನ್ನನ್ನು ಕಾಡುವ ಪ್ರಶ್ನೆ. ‘ಮನುಷ್ಯರ ಮೇಲ್ವಿಚಾರಣೆಯಲ್ಲಿ’ ಎಂಬ ಮಾತು ಈಗ ಪ್ರತಿ ತಂತ್ರಾಂಶದ ಜಾಹೀರಾತಿನಲ್ಲೂ ಇರುತ್ತದೆ. ಆ ಮೇಲ್ವಿಚಾರಣೆ ಎಂದರೆ ಏನು, ಅದಕ್ಕೆ ಎಷ್ಟು ಹೊತ್ತು ಬೇಕು, ಯಾರು ಮಾಡಬೇಕು ಎಂಬುದನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ.

ಮನುಷ್ಯರು ಮಹಾ ಓದುಗರು ಎಂಬ ಭ್ರಮೆಯೂ ಬೇಡ. 1985ರಲ್ಲಿ ಅಮೆರಿಕದ ಬ್ಲೇರ್ ಮತ್ತು ಮ್ಯಾರನ್ ಎಂಬ ಇಬ್ಬರು ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ಸ್ಯಾನ್ ಫ್ರಾನ್ಸಿಸ್ಕೋದ ‘ಬಾರ್ಟ್’ ರೈಲು ವ್ಯವಸ್ಥೆಯಲ್ಲಿ ನಡೆದ ಅಪಘಾತದ ದಾವೆಯೊಂದರಲ್ಲಿ ಸುಮಾರು 40,000 ದಾಖಲೆಗಳು, ಮೂರೂವರೆ ಲಕ್ಷ ಪುಟಗಳು ಕಂಪ್ಯೂಟರಿನಲ್ಲಿದ್ದವು. ವಕೀಲರು ಪದಗಳನ್ನು ಕೊಟ್ಟು ಹುಡುಕಿಸಿದರು. ಬೇಕಾದ ದಾಖಲೆಗಳಲ್ಲಿ ಕನಿಷ್ಠ ಶೇ. 75ರಷ್ಟು ಸಿಕ್ಕಿವೆ ಎಂದು ತೃಪ್ತರಾದರು. ಲೆಕ್ಕ ಹಾಕಿದಾಗ ಸಿಕ್ಕಿದ್ದು ಸರಾಸರಿ ಶೇ. 20 ಮಾತ್ರ.

ಉಳಿದವು ಏಕೆ ಸಿಗಲಿಲ್ಲ ಎಂಬುದು ಆ ಅಂಕಿಗಿಂತ ಸ್ವಾರಸ್ಯದ್ದು. ವಕೀಲರು ಹುಡುಕಿದ್ದು ‘ಅಪಘಾತ’ ಎಂದು. ತಪ್ಪು ತಮ್ಮ ತಲೆಗೆ ಬರಬಹುದೆಂಬ ಅಂಜಿಕೆ ಇದ್ದವರು ತಮ್ಮ ಪತ್ರಗಳಲ್ಲಿ ಅಪಘಾತ ಎಂದು ಬರೆದಿರಲೇ ಇಲ್ಲ. ‘ಘಟನೆ’ ಎಂದಿದ್ದರು, ‘ಸನ್ನಿವೇಶ’ ಎಂದಿದ್ದರು, ‘ಸಮಸ್ಯೆ’, ‘ತೊಂದರೆ’ ಎಂದಿದ್ದರು. ನಮ್ಮ ಪತ್ರಗಳಿಗೂ ಇಂಥ ಮೆತ್ತನೆಯ ಭಾಷೆ ಹೊಸದಲ್ಲ. ಹಳೆಯ ಕ್ರಯಪತ್ರ ಯಾವುದನ್ನೇ ತೆಗೆಯಿರಿ, ‘ನನ್ನ ಗೃಹಕೃತ್ಯದ ಖರ್ಚುವೆಚ್ಚಗಳಿಗಾಗಿ’ ಜಮೀನು ಮಾರುತ್ತಿದ್ದೇನೆ ಎಂಬ ಸಾಲು ಇದ್ದೇ ಇರುತ್ತದೆ. ಬರಗಾಲಕ್ಕೆ ಮಾರಿದವನೂ ಅದನ್ನೇ ಬರೆಸಿದ್ದಾನೆ, ಬಡ್ಡಿಗೆ ಸಾಲ ಕೊಟ್ಟವನ ಕಾಟಕ್ಕೆ ಮಾರಿದವನೂ ಅದನ್ನೇ, ಕುಡಿದು ಕಳೆದವನೂ ಅದನ್ನೇ. ಪತ್ರ ಬರಹಗಾರನ ಕೈಗೆ ಆ ಸಾಲು ರೂಢಿಯಾಗಿರುತ್ತದೆ. ಅದರ ಹಿಂದೆ ಏನು ನಡೆಯಿತು ಎಂದು ಪತ್ರವನ್ನೇ ಕೇಳಿದರೆ ಅದು ಹೇಳುವುದಿಲ್ಲ.

ಯಂತ್ರವನ್ನು ಒಪ್ಪಿಕೊಂಡೂ ಮನುಷ್ಯರು ಎಚ್ಚರದಲ್ಲಿ ಇರಬಹುದು ಎಂಬುದಕ್ಕೆ ಒಂದು ಒಳ್ಳೆಯ ಉದಾಹರಣೆಯೂ ಅಮೆರಿಕದಲ್ಲೇ ಇದೆ. 2012ರಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶ ಆಂಡ್ರ್ಯೂ ಪೆಕ್, ಜಾಹೀರಾತು ಸಂಸ್ಥೆಯೊಂದರ ಮೇಲೆ ಮಹಿಳಾ ಉದ್ಯೋಗಿಗಳು ಹೂಡಿದ್ದ ಲಿಂಗ ತಾರತಮ್ಯದ ದಾವೆಯಲ್ಲಿ, ಸುಮಾರು 30 ಲಕ್ಷ ಇಮೇಲ್ ಮುಂತಾದ ದಾಖಲೆಗಳನ್ನು ಕಂಪ್ಯೂಟರ್ ಸಹಾಯದಿಂದ ಬೇರ್ಪಡಿಸುವುದಕ್ಕೆ ಸಮ್ಮತಿ ಕೊಟ್ಟರು. ಪದ್ಧತಿ ಸರಳ. ಮೊದಲು ಅನುಭವಿ ವಕೀಲರು 2,399 ದಾಖಲೆಗಳ ಒಂದು ಮಾದರಿಯನ್ನು ಸ್ವತಃ ಓದಿ, ಇದು ಸಂಬಂಧಿಸಿದ್ದು, ಇದಲ್ಲ ಎಂದು ಗುರುತು ಹಾಕಬೇಕು. ಯಂತ್ರ ಅದನ್ನು ನೋಡಿ ಕಲಿತು ಉಳಿದವನ್ನು ವಿಂಗಡಿಸುತ್ತದೆ. ಕೊನೆಗೆ ಯಂತ್ರ ಬೇಡವೆಂದು ಪಕ್ಕಕ್ಕೆ ತಳ್ಳಿದ ರಾಶಿಯಿಂದಲೂ ಒಂದಷ್ಟನ್ನು ಎತ್ತಿ ಮನುಷ್ಯರೇ ಓದಬೇಕು. ಮೊರದಲ್ಲಿ ಕೇರಿದ ಮೇಲೆ ಹೊಟ್ಟಿನ ಗುಡ್ಡೆಗೂ ಕೈಹಾಕಿ ಕಾಳು ಹೋಗಿದೆಯೇ ಎಂದು ನೋಡುವ ಹೆಂಗಸಿನ ಬುದ್ಧಿ ಇದು. ಮೇಲ್ವಿಚಾರಣೆ ಎಂದು ಯಾವುದನ್ನಾದರೂ ಕರೆಯುವುದಾದರೆ ಇದನ್ನು ಕರೆಯಬೇಕು. ಯಂತ್ರ ಆರಿಸಿ ಕೊಟ್ಟದ್ದನ್ನು ನೋಡಿ ತಲೆಯಾಡಿಸುವುದು ಯಾರಿಂದಲೂ ಆಗುತ್ತದೆ.

ಆದರೆ ಜಮೀನಿನ ಕಡತದಲ್ಲಿ ತಳ್ಳಿದ ರಾಶಿಯನ್ನು ನೋಡಿದರೂ ಸಿಗದ ಸಂಗತಿಗಳಿವೆ. ಅವು ಯಾವ ರಾಶಿಯಲ್ಲೂ ಇರುವುದಿಲ್ಲ. ವಂಶವೃಕ್ಷವನ್ನೇ ತೆಗೆದುಕೊಳ್ಳಿ. ಮೇಲೆ ತಾತನ ಹೆಸರು, ಕೆಳಗೆ ತಂದೆ, ಅದರ ಕೆಳಗೆ ಮೂವರು ಗಂಡುಮಕ್ಕಳು. ಮೊಹರಿದೆ, ಸಹಿಯಿದೆ. ವಿಭಾಗಪತ್ರದಲ್ಲೂ ಇದೇ ಮೂರು ಹೆಸರು, ಪಹಣಿಯಲ್ಲೂ ಇದೇ ಮೂರು. ಯಂತ್ರ ಎಲ್ಲವನ್ನೂ ತಾಳೆ ನೋಡುತ್ತದೆ. ಎಲ್ಲವೂ ತಾಳೆಯಾಗುತ್ತವೆ, ಏಕೆಂದರೆ ಎಲ್ಲ ಕಾಗದವೂ ಒಂದೇ ಸಂಗತಿಯನ್ನು ಬಿಟ್ಟಿವೆ. ಪಳಗಿದ ವಕೀಲರು ಕಡತ ಮುಚ್ಚಿಟ್ಟು ಮಾರುವ ಯಜಮಾನರ ಕಡೆ ತಿರುಗುತ್ತಾರೆ.

“ಯಜಮಾನ್ರೇ, ನಿಮಗೆ ಅಕ್ಕತಂಗೀರು ಯಾರೂ ಇಲ್ವಾ?”

“ಇದಾರೆ ಸಾರ್, ಇಬ್ರು. ಮದುವೆ ಮಾಡಿ ಕೊಟ್ಟಾಯ್ತಲ್ಲ, ಅವರದೇನಿದೆ ಇದರಲ್ಲಿ?”

ಆ ಉತ್ತರದಲ್ಲಿ ಮೋಸದ ಉದ್ದೇಶ ಇರಲೇಬೇಕೆಂದಿಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಊರ ನಂಬಿಕೆಯನ್ನೇ ಅವರು ಹೇಳುತ್ತಿದ್ದಾರೆ. ಕಾನೂನು ಮಾತ್ರ ಬಹಳ ಹಿಂದೆಯೇ ಆ ನಂಬಿಕೆಯನ್ನು ದಾಟಿದೆ. ಒಟ್ಟು ಕುಟುಂಬದ ಆಸ್ತಿಯಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿಗೆ ಕರ್ನಾಟಕ 1994ರಲ್ಲೇ ಪಾಲು ಕೊಟ್ಟಿತು. 2005ರ ಕೇಂದ್ರ ತಿದ್ದುಪಡಿ ಮದುವೆಯ ಷರತ್ತನ್ನೂ ತೆಗೆದು, ಮಗಳು ಹುಟ್ಟಿನಿಂದಲೇ ಮಗನಂತೆ ಹಕ್ಕುದಾರಳು ಎಂದಿತು. ತಿದ್ದುಪಡಿ ಬಂದ ದಿನ ತಂದೆ ಬದುಕಿರಬೇಕಿತ್ತೇ ಎಂಬ ಗೊಂದಲವನ್ನು 2020ರ ವಿನೀತಾ ಶರ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಗೆಹರಿಸಿತು: ಬದುಕಿರಬೇಕಿಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲು ಆದ ಮಾರಾಟ, ನೋಂದಾಯಿತ ವಿಭಾಗದಂಥವುಗಳಿಗೆ ಮಾತ್ರ ವಿನಾಯಿತಿ. ಈ ತಾರೀಕುಗಳನ್ನೆಲ್ಲ ಯಂತ್ರ ನಮಗಿಂತ ಚೆನ್ನಾಗಿ ಬಲ್ಲದು. ಕೇಳಿದರೆ ಕಲಮು ಸಮೇತ ಒಪ್ಪಿಸುತ್ತದೆ. ಬೇಕಾದರೆ ‘ಹೆಣ್ಣುಮಕ್ಕಳು ಇದ್ದಾರೆಯೇ ವಿಚಾರಿಸಿ’ ಎಂದು ಎಲ್ಲ ಕಡತದ ಕೆಳಗೂ ಒಂದು ಸಾಲು ಮುದ್ರಿಸುತ್ತದೆ. ಎಲ್ಲ ಕಡತದಲ್ಲೂ ಇರುವ ಸಾಲನ್ನು ಯಾರೂ ಓದುವುದಿಲ್ಲ. ಎದುರಿಗೆ ಕೂತವರ ಮುಖ ನೋಡಿ, ಒಂದು ಕ್ಷಣದ ತಡವರಿಕೆ ಕಂಡು, ಮತ್ತೊಮ್ಮೆ ಕೇಳುವವರು ಬೇಕು. ಎಲ್ಲೋ ಗಂಡನ ಊರಿನಲ್ಲಿರುವ, ಈ ಮಾರಾಟದ ಸುದ್ದಿಯೂ ಗೊತ್ತಿಲ್ಲದ ಆ ಇಬ್ಬರು ಹೆಂಗಸರ ಪರವಾಗಿ ಆ ಕೋಣೆಯಲ್ಲಿ ಮಾತಾಡುವವರು ಬೇರಾರೂ ಇಲ್ಲ. ವಕೀಲರಿಗೆ ಫೀಸು ಕೊಡುವವರು ಅವರಲ್ಲ, ನಿಜ. ಆದರೂ ಅವರ ಹಕ್ಕನ್ನು ಎತ್ತಿ ತೋರಿಸದೆ ಕೊಳ್ಳುವವರ ಹಿತವನ್ನು ಕಾಯಲು ಬರುವುದಿಲ್ಲ.

ಇದಕ್ಕಿಂತ ಆಳಕ್ಕೆ ಹೂತ ಹೆಸರುಗಳೂ ಇವೆ. ದಶಕಗಳ ಹಿಂದೆ ದರಖಾಸ್ತಿನಲ್ಲಿ ಪರಿಶಿಷ್ಟ ಜಾತಿಯ ಭೂರಹಿತರೊಬ್ಬರಿಗೆ ಸರ್ಕಾರ ಎರಡು ಎಕರೆ ಮಂಜೂರು ಮಾಡಿ ಸಾಗುವಳಿ ಚೀಟಿ ಕೊಟ್ಟಿರುತ್ತದೆ. ಪರಭಾರೆ ಮಾಡಬಾರದು ಎಂಬ ಷರತ್ತು ಅದರಲ್ಲೇ ಇರುತ್ತದೆ. ಹಸಿವಿಗೋ ಸಾಲಕ್ಕೋ ಬೆದರಿಕೆಗೋ ಆ ಜಮೀನು ಕೈಬಿಟ್ಟು, ಮುಂದೆ ನಾಲ್ಕಾರು ಕೈ ದಾಟಿ, ಊರು ಬೆಳೆದು, ಬಡಾವಣೆಯಾಗಿ, ಸೈಟುಗಳಾಗುತ್ತದೆ. ಮಂಜೂರಾತಿ ನೋಂದಣಿ ಕಚೇರಿಯಲ್ಲಿ ಆದ ವ್ಯವಹಾರವಲ್ಲದ್ದರಿಂದ ಇ.ಸಿ.ಯಲ್ಲಿ ಅದರ ಸುಳಿವಿಲ್ಲ. 30 ವರ್ಷದ ಇ.ಸಿ. ಹಾಲಿನಷ್ಟು ಬೆಳ್ಳಗಿರುತ್ತದೆ. ಆದರೆ ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ 1978ರ ಪಿ.ಟಿ.ಸಿ.ಎಲ್. ಕಾಯಿದೆ ಪ್ರಕಾರ ಷರತ್ತು ಮುರಿದ ಆ ಪರಭಾರೆಯೇ ಅಸಿಂಧು, ಜಮೀನನ್ನು ಮೂಲ ಮಂಜೂರುದಾರರಿಗೋ ಅವರ ವಾರಸುದಾರರಿಗೋ ಮರಳಿಸಬಹುದು. ತಡವಾಗಿ ಬಂದ ಅರ್ಜಿಗಳನ್ನು ಪರಿಗಣಿಸಬೇಕಿಲ್ಲ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ, ಇಂಥ ಅರ್ಜಿಗೆ ಕಾಲಮಿತಿ ಇಲ್ಲ ಎಂದು ರಾಜ್ಯ ಸರ್ಕಾರ 2023ರಲ್ಲಿ ತಿದ್ದುಪಡಿ ತಂದಿತು. ಪಹಣಿಯ ಹಳೆಯ ಕೈಬರಹದ ಪ್ರತಿಯಲ್ಲಿ, ಯಾವುದೋ ಅಂಕಣದ ಮೂಲೆಯಲ್ಲಿ, ಒಂದು ದರಖಾಸ್ತು ನಂಬರು ಕಂಡು ‘ಇದೇನಿದು, ಮಂಜೂರಾತಿ ಕಡತ ತರಿಸಿ’ ಎನ್ನುವವರು ಇದ್ದರೆ ಮಾತ್ರ ಆ ಹೆಸರು ಬೆಳಕಿಗೆ ಬರುತ್ತದೆ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮುಗಳ ಹಳೆಯ ಕಡತಗಳನ್ನು ‘ಭೂ ಸುರಕ್ಷಾ’ ಯೋಜನೆಯಲ್ಲಿ ಸ್ಕ್ಯಾನ್ ಮಾಡುತ್ತಿರುವುದರಿಂದ ನಾಳೆ ಯಂತ್ರಕ್ಕೂ ಈ ಮೂಲೆ ಕಾಣಬಹುದು. ಕಾಣಲಿ, ಒಳ್ಳೆಯದೇ.

ಕಂಡರೂ ಓದುವುದು ಹೇಗೆ ಎಂಬ ತೊಡಕು ಉಳಿಯುತ್ತದೆ. ಹಳೆಯ ಕೈಬರಹದಲ್ಲಿ ೬ ಯಾವುದು, ೯ ಯಾವುದು ಎಂದು ಹಿರಿಯ ಗುಮಾಸ್ತರೇ ತಡಕಾಡುತ್ತಾರೆ. ಇಂಕು ಹರಡಿದೆ, ಮಡಿಕೆ ಬಿದ್ದ ಕಡೆ ಕಾಗದ ಹರಿದಿದೆ, ಜೆರಾಕ್ಸಿನ ಜೆರಾಕ್ಸಿನಲ್ಲಿ ಒತ್ತು ಮಾಯವಾಗಿದೆ. ಒಳ್ಳೆಯ ನಕಲುಗಾರ ಓದಲಾಗದ ಜಾಗವನ್ನು ಖಾಲಿ ಬಿಟ್ಟು ಮುಂದೆ ಹೋಗುತ್ತಾನೆ. ಆ ಖಾಲಿ ಜಾಗಕ್ಕೆ ಬೆಲೆಯಿದೆ. ಇಲ್ಲಿ ನೋಡು ಎಂದು ಅದು ಕರೆಯುತ್ತದೆ. ಇಂದಿನ ಎ.ಐ. ಭಾಷಾ ಮಾದರಿಗಳ ಗುಣವೇ ಬೇರೆ. ಮುಂದೆ ಯಾವ ಪದ ಬರುವುದು ಸಂಭವನೀಯವೋ ಅದನ್ನು ಇಡುತ್ತಾ ಹೋಗುವುದು ಅವುಗಳ ರೀತಿ. ಆದ್ದರಿಂದ ಹರಿದ ಕಡೆಯಲ್ಲೂ ಹೊಂದುವ ಪದವೊಂದನ್ನು ಸೇರಿಸಿ ಸಾಲನ್ನು ನುಣ್ಣಗೆ ಮುಗಿಸಿಬಿಡಬಹುದು. ಓದುವವರಿಗೆ ಅಲ್ಲೊಂದು ತೂತು ಇತ್ತು ಎಂಬುದೇ ತಿಳಿಯುವುದಿಲ್ಲ. ಗೊತ್ತಿಲ್ಲ ಎನ್ನಲು ನಾಚುವ ಸಹಾಯಕನಿಗಿಂತ ಅಪಾಯದವನು ಕಚೇರಿಯಲ್ಲಿ ಇನ್ನೊಬ್ಬನಿಲ್ಲ. ಅಂಥವರು ಯಂತ್ರಕ್ಕೂ ಮೊದಲೇ ನಮ್ಮ ಕಚೇರಿಗಳಲ್ಲಿದ್ದರು ಅನ್ನಿ.

ಈ ನುಣುಪಿಗೆ ಮರುಳಾದವರ ಕತೆ ಜಗತ್ತಿಗೇ ಗೊತ್ತಾದದ್ದು 2023ರಲ್ಲಿ. ಏವಿಯಾಂಕಾ ವಿಮಾನ ಸಂಸ್ಥೆಯ ವಿರುದ್ಧದ ದಾವೆಯಲ್ಲಿ ನ್ಯೂಯಾರ್ಕಿನ ವಕೀಲರೊಬ್ಬರು ಚಾಟ್‌ಜಿಪಿಟಿ ಕೊಟ್ಟ ಪೂರ್ವನಿದರ್ಶನಗಳನ್ನು ನ್ಯಾಯಾಲಯಕ್ಕೆ ಸಲ್ಲಿಸಿದರು. ಅಂಥ ತೀರ್ಪುಗಳೇ ಇರಲಿಲ್ಲ. ಈ ಪ್ರಕರಣ ನಿಜವಾದದ್ದೇ ಎಂದು ಅವರು ಅದೇ ಯಂತ್ರವನ್ನು ಕೇಳಿದ್ದರು, ಅದು ಹೌದು ಎಂದಿತ್ತು. ನ್ಯಾಯಾಧೀಶರು 5,000 ಡಾಲರ್ ದಂಡ ಹಾಕಿದರು. ಎಲ್ಲರೂ ನಕ್ಕದ್ದು ಯಂತ್ರವನ್ನು ನಂಬಿದ ವಕೀಲರನ್ನು ನೋಡಿ. ನನಗೆ ಹೆಚ್ಚು ಕಸಿವಿಸಿ ಮಾಡಿದವರು ಆ ಪ್ರಕರಣದ ಎರಡನೆಯ ವಕೀಲರು. ಬರೆದವರಿಗೆ ಆ ಫೆಡರಲ್ ನ್ಯಾಯಾಲಯದಲ್ಲಿ ವಕಾಲತ್ತಿನ ಅರ್ಹತೆ ಇರಲಿಲ್ಲವಾಗಿ, ಅದೇ ಕಚೇರಿಯ ಸಹೋದ್ಯೋಗಿ ತಮ್ಮ ಸಹಿ ಹಾಕಿಕೊಟ್ಟಿದ್ದರು. ಉಲ್ಲೇಖಿಸಿದ ಒಂದು ತೀರ್ಪನ್ನೂ ಅವರು ತೆಗೆದು ನೋಡಿರಲಿಲ್ಲ. ಅಲ್ಲಿ ಒಬ್ಬರಲ್ಲ, ಇಬ್ಬರು ‘ಮೇಲ್ವಿಚಾರಕರು’ ಇದ್ದರು.

ದೂರದ ಊರಿನ ಮಾತು ಎಂದು ಸುಮ್ಮನಿರುವಂತಿಲ್ಲ. ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠ 2024ರ ಡಿಸೆಂಬರಿನ ತನ್ನದೊಂದು ಆದೇಶವನ್ನು ಹಿಂಪಡೆಯಬೇಕಾಯಿತು. ಅದರಲ್ಲಿ ಇಲ್ಲದ ತೀರ್ಪುಗಳ ಉಲ್ಲೇಖವಿತ್ತು. 2025ರ ಮಾರ್ಚಿನಲ್ಲಿ ಕರ್ನಾಟಕ ಹೈಕೋರ್ಟ್, ಬೆಂಗಳೂರಿನ ಸಿವಿಲ್ ನ್ಯಾಯಾಲಯದ ಆದೇಶವೊಂದರಲ್ಲಿ ಸುಪ್ರೀಂ ಕೋರ್ಟಿನದೆಂದು ಹೇಳಿದ್ದ, ಎಲ್ಲಿಯೂ ಇಲ್ಲದ ತೀರ್ಪುಗಳನ್ನು ಕಂಡು, ವಿಷಯವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿಡಲು ಸೂಚಿಸಿತು. ಅದೇ ವರ್ಷದ ಜುಲೈನಲ್ಲಿ ಕೇರಳ ಹೈಕೋರ್ಟ್ ತನ್ನ ಜಿಲ್ಲಾ ನ್ಯಾಯಾಂಗಕ್ಕೆ, ತೀರ್ಮಾನ ಕೈಗೊಳ್ಳುವುದಕ್ಕೆ ಎ.ಐ. ಬಳಸಕೂಡದು ಎಂಬ ನೀತಿಯನ್ನೇ ಹೊರಡಿಸಿತು. ಇಲ್ಲದ ತೀರ್ಪನ್ನಾದರೂ ಹುಡುಕಿ ಹಿಡಿಯಬಹುದು, ಎದುರು ಪಕ್ಷದ ವಕೀಲರು ಅದಕ್ಕೆಂದೇ ಇರುತ್ತಾರೆ. ಜಮೀನಿನ ಕಡತಕ್ಕೆ ಎದುರು ಪಕ್ಷವೇ ಇಲ್ಲ. ಮಾರುವವರಿಗೆ ಬೇಗ ಆಗಬೇಕು, ಕೊಳ್ಳುವವರಿಗೆ ಬೇಗ ಆಗಬೇಕು, ಬ್ಯಾಂಕಿನ ಮ್ಯಾನೇಜರಿಗೆ ಮಾರ್ಚ್ 31ರೊಳಗೆ ಆಗಬೇಕು. ತಪ್ಪು ಹೊರಬೀಳುವುದು ಹತ್ತು ಹದಿನೈದು ವರ್ಷದ ಮೇಲೆ, ಅಮೀನರು ಸಮನ್ಸ್ ಹಿಡಿದು ಬಾಗಿಲಿಗೆ ಬಂದಾಗ.

ಆಗ ಹೊಣೆ ಯಾರದು? ವಕೀಲರ ಅಭಿಪ್ರಾಯ ತಪ್ಪಾದ ಮಾತ್ರಕ್ಕೆ ಅವರನ್ನು ವಂಚನೆಯ ಆರೋಪಿ ಮಾಡುವಂತಿಲ್ಲ ಎಂದು ಹೈದರಾಬಾದಿನ ಪ್ಯಾನೆಲ್ ವಕೀಲರೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದೆ. ವಂಚಕರ ಜೊತೆ ಕೈಜೋಡಿಸಿದ್ದಕ್ಕೆ ಪುರಾವೆ ಬೇಕು. ತೀವ್ರ ನಿರ್ಲಕ್ಷ್ಯವೋ ವೃತ್ತಿ ದುರ್ನಡತೆಯೋ ಸಾಬೀತಾದರೆ ಅದಕ್ಕೆ ಬೇರೆ ಹೊಣೆ. ನ್ಯಾಯವಾದ ಮಾತು. ಪ್ರಾಮಾಣಿಕವಾಗಿ ಓದಿಯೂ ತಪ್ಪಬಹುದು. ಆದರೆ ಆ ರಕ್ಷಣೆಯ ಆಧಾರವೇ ವಕೀಲರು ಓದಿದ್ದಾರೆ ಎಂಬ ನಂಬಿಕೆ. ಯಂತ್ರ ಬರೆದ ಹದಿನೈದು ಪುಟದ ವರದಿಯ ಕೊನೆಯ ಪುಟಕ್ಕೆ ಬಂದು ಸಹಿ ಹಾಕಿದವರು ತಪ್ಪಿದರೆ, ಅದು ಓದುವಾಗ ಆದ ತಪ್ಪಲ್ಲ.

ಇದಕ್ಕೆ ಪ್ಯಾನೆಲ್ ವಕೀಲರನ್ನಷ್ಟೇ ಬೈದರೆ ಅನ್ಯಾಯ. ಒಂದು ಅಭಿಪ್ರಾಯಕ್ಕೆ ಬ್ಯಾಂಕು ಕೊಡುವ ಶುಲ್ಕ ಎಷ್ಟೆಂದು ಕೇಳಿ ನೋಡಿ. ಯಂತ್ರ ಬಂದ ಮೇಲೆ ಉಳಿದ ಸಮಯವನ್ನು ಯಾರು ಎತ್ತಿಕೊಂಡರು ಎಂಬುದನ್ನೂ ಕೇಳಬೇಕು. ಮೊದಲು ಒಂದು ಕಡತಕ್ಕೆ ಒಂದು ದಿನ ಹಿಡಿಯುತ್ತಿತ್ತು. ಪಟ್ಟಿ ಮಾಡುವ, ತಾಳೆ ನೋಡುವ ಕೆಲಸವನ್ನು ಯಂತ್ರ ಅರ್ಧ ಗಂಟೆಯಲ್ಲಿ ಮುಗಿಸಿದರೆ, ಉಳಿದ ದಿನ ಯಜಮಾನರ ಜೊತೆ ಕೂತು ಮಾತಾಡಲು, ತಾಲ್ಲೂಕು ಕಚೇರಿಗೆ ಹೋಗಿ ಬರಲು, ಜಾಗವನ್ನೇ ಒಮ್ಮೆ ಕಣ್ಣಾರೆ ನೋಡಲು ಸಿಗಬೇಕಿತ್ತು. ಹಾಗಾಗುವ ಬದಲು ಆ ದಿನದೊಳಕ್ಕೆ ಇನ್ನೂ ಹತ್ತು ಕಡತ ಬಂದು ಬೀಳುತ್ತವೆ. ಹೀಗಾದಾಗ ಮೇಲ್ವಿಚಾರಣೆ ಎಂಬುದು ತಪ್ಪು ಬಂದ ದಿನ ತಲೆ ಕೊಡಲು ಒಬ್ಬ ಮನುಷ್ಯನನ್ನು ಇಟ್ಟುಕೊಳ್ಳುವ ಏರ್ಪಾಡು, ಅಷ್ಟೆ.

ಇನ್ನೊಂದು ಚಿಂತೆ ಇದೆ, ಅದು ನಿಧಾನವಾಗಿ ಫಲಿಸುವಂಥದು. ಆ ‘ಅಕ್ಕತಂಗೀರು ಯಾರೂ ಇಲ್ವಾ’ ಎಂಬ ಪ್ರಶ್ನೆ ವಕೀಲರಿಗೆ ಎಲ್ಲಿಂದ ಬಂತು? ಕಾಲೇಜಿನಿಂದ ಬಂದದ್ದಲ್ಲ. ಜೂನಿಯರ್ ಆಗಿದ್ದಾಗ ಹಿರಿಯರ ಕಚೇರಿಯಲ್ಲಿ ಕೂತು, ಬೇಸರ ಬರುವಷ್ಟು ಹಳೆಯ ಪತ್ರಗಳನ್ನು ಓದಿ, ಟಿಪ್ಪಣಿ ಬರೆದು, ಬೈಸಿಕೊಂಡು ಬಂದದ್ದು. ಪಾಲುಪಾರಿಕತ್ತು ನೋಂದಣಿ ಆಗಿಲ್ಲವೆಂದರೆ ಇ.ಸಿ.ಯಲ್ಲಿ ಕಾಣಿಸದು, ಬಾಕಿ ಇರುವ ದಾವೆಯೂ ಅಲ್ಲಿ ಕಾಣಿಸಬೇಕೆಂದಿಲ್ಲ, ಜಿ.ಪಿ.ಎ. (ಅಧಿಕಾರಪತ್ರ) ಕೊಟ್ಟವರು ಕ್ರಯದ ದಿನ ಬದುಕಿದ್ದರೇ ನೋಡಬೇಕು ಎಂಬ ತಿಳಿವೆಲ್ಲ ಹಾಗೆ ಒಂದೊಂದಾಗಿ ಕೂಡಿದ್ದು. ಈಗ ಮೊದಲು ಯಂತ್ರದ ಪಾಲಾಗುತ್ತಿರುವುದು ಜೂನಿಯರ್‌ಗಳ ಆ ಬೇಸರದ ಕೆಲಸವೇ. ಇಂದಿನ ಹಿರಿಯರು ಯಂತ್ರದ ವರದಿಯನ್ನು ಅನುಮಾನಿಸಬಲ್ಲರು, ಏಕೆಂದರೆ ಅವರು ಯಂತ್ರವಿಲ್ಲದೆ ಓದಿ ಬೆಳೆದವರು. ಇಪ್ಪತ್ತು ವರ್ಷದ ಮೇಲೆ ಅವರ ಕುರ್ಚಿಯಲ್ಲಿ ಕೂರುವವರು ಒಂದು ಮೂಲಪತ್ರವನ್ನೂ ಆದಿಯಿಂದ ಅಂತ್ಯದವರೆಗೆ ಸ್ವತಃ ಓದದೇ ಬಂದಿರಬಹುದು. ಅವರಿಗೆ ಯಾವುದರ ಮೇಲೆ ಅನುಮಾನ ಹುಟ್ಟೀತು? ಹಿರಿಯ ವಕೀಲರಲ್ಲಿ ನನ್ನದೊಂದು ವಿನಂತಿ: ವಾರಕ್ಕೆ ಒಂದು ಕಡತವನ್ನಾದರೂ ಜೂನಿಯರ್ ಕೈಗೆ ಯಂತ್ರದ ವರದಿ ತೋರಿಸದೆ ಕೊಡಿ. ಓದಿ ಮುಗಿಸಿದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲಿ. ಯಂತ್ರ ಕಂಡದ್ದನ್ನು ಹುಡುಗ ಕಾಣದಿದ್ದರೆ ಅವನಿಗೆ ಪಾಠ, ಹುಡುಗ ಕಂಡದ್ದನ್ನು ಯಂತ್ರ ಕಾಣದಿದ್ದರೆ ಕಚೇರಿಗೇ ಪಾಠ.

ಕಕ್ಷಿದಾರರ ಗುಟ್ಟಿನ ವಿಷಯವೂ ಇದೆ. ವಕೀಲರಿಗೆ ಹೇಳಿದ್ದು ಅವರಲ್ಲೇ ಇರಬೇಕೆಂಬುದು ಸಾಕ್ಷ್ಯ ಕಾಯಿದೆಯ ಹಳೆಯ ನಿಯಮ, ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಅದು ಉಳಿದಿದೆ. ಆಧಾರ್ ನಂಬರು, ಹೆಬ್ಬೆಟ್ಟಿನ ಗುರುತು, ಫೋಟೊ ಸಮೇತ ಇರುವ ಕ್ರಯಪತ್ರವನ್ನು ಪುಕ್ಕಟೆ ಸಿಗುವ ಯಾವುದೋ ಚಾಟ್ ಆ್ಯಪ್‌ಗೆ ಏರಿಸುವುದು ಈ ನಿಯಮದ ಜೊತೆ ಹೊಂದುವುದಿಲ್ಲ. ಇದರಲ್ಲಿ ಹೆಚ್ಚು ಚಿಂತಿಸುವುದಕ್ಕೆ ಏನೂ ಇಲ್ಲ, ಮಾಡಬಾರದು, ಅಷ್ಟೆ.

ಓದುಗರೇ, ನೀವು ಸೈಟು ಕೊಳ್ಳುವ ದಿನ ಬಂದರೆ ವಕೀಲರ ಮುಂದೆ ಕೂತು ಮೂರು ಮಾತು ಕೇಳಿ. ಸಾರ್, ಈ ಕಟ್ಟಿನಲ್ಲಿ ಯಾವ ಯಾವ ಪತ್ರವನ್ನು ನೀವೇ ಓದಿದಿರಿ? ಮಾರುವವರ ಅಕ್ಕತಂಗಿಯರ ಬಗ್ಗೆ ಕೇಳಿದಿರಾ? ಈ ಜಮೀನು ಮೊದಲು ಯಾರ ಹೆಸರಿಗೆ, ಹೇಗೆ ಬಂತು? ಇದಕ್ಕೆ ಅವರು ಕೋಪಿಸಿಕೊಂಡರೆ ಬೇರೆಯವರ ಹತ್ತಿರ ಹೋಗಿ. ಉತ್ತರ ಹೇಳಿ, ‘ಇನ್ನೊಂದು ವಾರ ಬೇಕು, ಮಂಜೂರಾತಿ ಕಡತ ತರಿಸಬೇಕು’ ಎಂದರೆ ನಾಳೆಯೇ ಕೊಡಿ ಎಂದು ಅವಸರಿಸಬೇಡಿ. ಆ ಒಂದು ವಾರದ ಶುಲ್ಕ ಕೇಳಿದರೆ ಚೌಕಾಶಿಯನ್ನೂ ಮಾಡಬೇಡಿ.